ಕಿಯಾಂತಿಯ ಏರುದಾರಿಗಳು

ಇಟಲಿ ದೇಶಕ್ಕೆ ಹೋಗಿಬಂದವರು ರೋಮಿನ ಭಗ್ನಾವಶೇಷಗಳನ್ನೋ ವೆನಿಸಿನ ನೀರಿನ ಬೀದಿಗಳನ್ನೋ ವರ್ಣಿಸುವುದು ವಾಡಿಕೆ. ನಾನು ಹೇಳಹೊರಟಿರುವುದು ಅಂಥ ಪ್ರಸಿದ್ಧ ಸ್ಥಳಗಳ ಮಾತನ್ನಲ್ಲ. ಆ ದೇಶದ ನಡುಭಾಗದಲ್ಲಿ, ಟಸ್ಕನಿ ಎಂಬ ಪ್ರಾಂತದಲ್ಲಿ, ಉತ್ತರಕ್ಕೆ ಫ್ಲಾರೆನ್ಸ್, ದಕ್ಷಿಣಕ್ಕೆ ಸಿಯೆನಾ ಎಂಬ ಎರಡು ಹಳೆಯ ಪಟ್ಟಣಗಳಿವೆ. ಅವೆರಡರ ನಡುವೆ ಹರಡಿಕೊಂಡಿರುವ ಗುಡ್ಡನಾಡಿಗೆ ಕಿಯಾಂತಿ ಎಂದು ಹೆಸರು. ರೈಲುದಾರಿ ಈ ನಾಡನ್ನು ಬಳಸಿಕೊಂಡು ಪಶ್ಚಿಮದ ಕಣಿವೆಯಲ್ಲಿ ಹೋಗುತ್ತದೆ; ಮೋಟಾರುಗಳ ಹೆದ್ದಾರಿಯೂ ಹಾಗೆಯೇ. ಆದುದರಿಂದ ಅವಸರದ ಪ್ರವಾಸಿಗನು ಇದನ್ನು ದೂರದಿಂದಲೇ ನೋಡಿ ಮುಂದೆ ಸಾಗಿಬಿಡುತ್ತಾನೆ. ಕಳೆದ ವರ್ಷ ಸೆಪ್ಟೆಂಬರು ತಿಂಗಳ ಕೊನೆಯ ವಾರದಲ್ಲಿ ನಾನೂ ನನ್ನ ತಮ್ಮನೂ ಈ ನಾಡನ್ನು ಮೂರು ದಿನಗಳಲ್ಲಿ ಬೈಸಿಕಲ್ಲಿನ ಮೇಲೆ ದಾಟಿದೆವು. ದೂರವೇನೂ ಹೆಚ್ಚಲ್ಲ; ಸುತ್ತುಬಳಸು ಸೇರಿ ಸುಮಾರು 120 ಕಿಲೋಮೀಟರು. ಆದರೆ ಆ ದಾರಿಯಲ್ಲಿ ಸಮನೆಲವೆಂಬುದು ಇಲ್ಲ. ಒಂದೋ ಏರು, ಇಲ್ಲವೇ ಇಳಿಜಾರು.

ಪ್ರವಾಸದ ಮಾತಿಗೆ ಮೊದಲು ನಮ್ಮಿಬ್ಬರ ವಿಷಯವನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುವುದು ಒಳ್ಳೆಯದು. ನಾನು ಮಲೆನಾಡಿನ ಒಂದು ಹಳ್ಳಿಯವನು. ಮೂವತ್ತು ವರ್ಷ ಉಪಾಧ್ಯಾಯನಾಗಿದ್ದು ಈಗ ವಿಶ್ರಾಂತನಾಗಿದ್ದೇನೆ. ಶಾಲೆಗೆ ಹೋಗುತ್ತಿದ್ದುದು ಬೈಸಿಕಲ್ಲಿನ ಮೇಲೆಯೇ. ತಮ್ಮನು ಎಂಜಿನಿಯರಾಗಿ ಉತ್ತರ ಇಟಲಿಯಲ್ಲಿ ನೆಲೆಸಿ ಇಪ್ಪತ್ತು ವರ್ಷಗಳ ಮೇಲಾಯಿತು. ತಂದೆಯವರು ತೀರಿಕೊಂಡ ಮೇಲೆ ಅಡಕೆಯ ತೋಟವನ್ನು ಪಾಲು ಮಾಡಿಕೊಂಡೆವು. ಪಾಲೆಲ್ಲ ಸುಸೂತ್ರವಾಗಿಯೇ ನಡೆಯಿತು. ಕೊನೆಗೆ ಒಂದು ಅಗಳಿನ ಬಳಿ ಬಂದು ನಿಂತಿತು. ಅಗಳಿನ ಆಚೆಗೋ ಈಚೆಗೋ ಎಂದು ಹೇಳಲಾಗದಂತೆ ಅಲ್ಲಿ ಒಂದು ಹಲಸಿನ ಮರವಿತ್ತು, ಅದರ ಪಕ್ಕದಲ್ಲಿ ನೀರಿನ ಕಾಲುವೆಯಿತ್ತು. ಸರ್ವೆಯವರು ಬಂದರು, ಹೋದರು. ಮಾತಿಗೆ ಮಾತು ಬೆಳೆಯಿತು. ಐದು ವರ್ಷ ನಾವು ಹಬ್ಬಹುಣ್ಣಿಮೆಗಳಿಗೆ ಕ್ಷೇಮಸಮಾಚಾರವನ್ನು ವಿಚಾರಿಸಿಕೊಂಡೆವೇ ಹೊರತು ಮನಸ್ಸು ಬಿಚ್ಚಿ ಮಾತನಾಡಲಿಲ್ಲ. ಹೀಗಿರುವಾಗ ಅವನಿಂದ ಒಂದು ಕಾಗದ ಬಂದಿತು: “ಅಣ್ಣಯ್ಯ, ನನಗೆ ಬೈಸಿಕಲ್ಲು ಕಲಿಸಿದವನು ನೀನು. ಇಲ್ಲಿಯ ದಾರಿಗಳನ್ನು ನಿನಗೆ ತೋರಿಸಬೇಕೆಂದು ಬಹಳ ದಿನದಿಂದ ಇದೆ. ಒಮ್ಮೆ ಬಾ.” ತೋಟದ ಮಾತು ಅದರಲ್ಲಿ ಇರಲಿಲ್ಲ. ಮನೆಯಾಕೆ ಕಾಗದವನ್ನು ಎರಡು ಸಲ ಓದಿ, “ಹೋಗಿಬನ್ನಿ” ಎಂದಳು.

ಫ್ಲಾರೆನ್ಸಿನಲ್ಲಿ ಎರಡು ಬೈಸಿಕಲ್ಲುಗಳನ್ನು ಬಾಡಿಗೆಗೆ ತೆಗೆದುಕೊಂಡೆವು. ನನ್ನ ಹಳೆಯ ಕಬ್ಬಿಣದ ಗಾಡಿಯನ್ನು ಕಂಡವರಿಗೆ ಇವು ಆಟದ ಸಾಮಾನುಗಳಂತೆ ತೋರಬಹುದು. ಒಂದೇ ಕೈಯಲ್ಲಿ ಎತ್ತಬಹುದಾದಷ್ಟು ಹಗುರ. ಹಿಂದಿನ ಚಕ್ರದಲ್ಲಿ ಒಂದರ ಪಕ್ಕಕ್ಕೊಂದು ಹನ್ನೊಂದು ಹಲ್ಲುಗಾಲಿಗಳು. ಏರು ಬಂದಾಗ ಸರಪಳಿಯನ್ನು ದೊಡ್ಡ ಗಾಲಿಗೆ ಸರಿಸಿದರೆ ಕಾಲಿಗೆ ಭಾರ ಕಡಿಮೆಯಾಗುತ್ತದೆ, ಆದರೆ ಅಷ್ಟೇ ದೂರಕ್ಕೆ ಹೆಚ್ಚು ಸಲ ತುಳಿಯಬೇಕಾಗುತ್ತದೆ. ದುಡಿಮೆ ತಪ್ಪುವುದಿಲ್ಲ, ಅದನ್ನು ಸಣ್ಣ ಸಣ್ಣ ಕಂತುಗಳಾಗಿ ತೀರಿಸುವ ಅನುಕೂಲವಷ್ಟೆ. ತಮ್ಮನು ಇದನ್ನೆಲ್ಲ ವಿವರಿಸಿ ಹೇಳಿದನು. ಕಲಿಸಿದವನಿಗೇ ಕಲಿಸುವ ಅವನ ಉತ್ಸಾಹವನ್ನು ಕಂಡು ನನಗೆ ಒಳಗೊಳಗೇ ಸ್ವಲ್ಪ ಬೇಸರವಾಯಿತೆಂಬುದನ್ನು ಮುಚ್ಚಿಡಲಾರೆ.

ಆರ್ನೊ ನದಿಯನ್ನು ದಾಟಿ ದಕ್ಷಿಣಕ್ಕೆ ಹೊರಟರೆ ಪಟ್ಟಣದ ಅಂಚಿನಲ್ಲಿಯೇ ಪೋಂತೆ ಆ ಎಮಾ ಎಂಬ ಊರು ಸಿಕ್ಕುತ್ತದೆ. ಬೈಸಿಕಲ್ಲಿನವರಿಗೆ ಇದೊಂದು ಕ್ಷೇತ್ರವೆಂದರೂ ಸಲ್ಲುತ್ತದೆ. ಇಲ್ಲಿ 1914ರಲ್ಲಿ ಜೀನೊ ಬಾರ್ತಾಲಿ ಹುಟ್ಟಿದನು. ಫ್ರಾನ್ಸ್ ದೇಶವನ್ನು ಸುತ್ತುವ ಮಹಾಪಂದ್ಯವನ್ನು ಅವನು 1938ರಲ್ಲಿ ಒಮ್ಮೆ, ಹತ್ತು ವರ್ಷಗಳ ತರುವಾಯ 1948ರಲ್ಲಿ ಮತ್ತೊಮ್ಮೆ ಗೆದ್ದನು. ನಡುವಿನ ವರ್ಷಗಳನ್ನು ಯುದ್ಧವು ನುಂಗಿತ್ತು. ಆ ಯುದ್ಧಕಾಲದಲ್ಲಿ ಅವನು ಅಭ್ಯಾಸಕ್ಕೆಂದು ದೂರದೂರ ಬೈಸಿಕಲ್ಲು ತುಳಿಯುತ್ತಿದ್ದಾಗ, ನಾಜಿಗಳಿಂದ ತಲೆಮರೆಸಿಕೊಂಡಿದ್ದ ಯೆಹೂದ್ಯರಿಗೆ ಬೇಕಾದ ಸುಳ್ಳು ಗುರುತಿನ ಕಾಗದಗಳನ್ನು ಗಾಡಿಯ ಕೊಳವೆಗಳಲ್ಲಿ ಅಡಗಿಸಿ ಸಾಗಿಸಿದನೆಂದು ಹೇಳುತ್ತಾರೆ. ಅವರ ರಕ್ಷಣೆಗೆ ನೆರವಾದನೆಂದು ಜೆರೂಸಲೇಮಿನ ಯಾದ್ ವಾಶೆಮ್ ಸಂಸ್ಥೆಯು 2013ರಲ್ಲಿ ಅವನನ್ನು ಗೌರವಿಸಿತು. ಆ ವೇಳೆಗೆ ಅವನು ತೀರಿಕೊಂಡು ಹದಿಮೂರು ವರ್ಷಗಳಾಗಿದ್ದವು. ಬದುಕಿದ್ದಾಗ ಅವನು ಈ ಮಾತನ್ನು ಆಡಿಕೊಂಡವನಲ್ಲ. ಊರಿನಲ್ಲಿ ಅವನ ಹೆಸರಿನ ಬೈಸಿಕಲ್ಲು ವಸ್ತುಸಂಗ್ರಹಾಲಯವಿದೆ.

ಅಲ್ಲಿಂದ ಮುಂದೆ ಮನೆಗಳು ವಿರಳವಾಗುತ್ತ ಗುಡ್ಡಗಳು ತೆರೆದುಕೊಳ್ಳುತ್ತವೆ. ನಮ್ಮ ಮಲೆನಾಡಿನ ಗುಡ್ಡಗಳಂತೆ ಇವು ಕಾಡು ಹೊದ್ದು ಕತ್ತಲೆಯಾಗಿ ನಿಂತವಲ್ಲ. ಒಂದು ಮೈ ದ್ರಾಕ್ಷಿಯ ತೋಟ, ಇನ್ನೊಂದು ಮೈ ಬೂದುಬಣ್ಣದ ಎಲೆಗಳ ಆಲಿವ್ ಮರಗಳು, ನೆತ್ತಿಯಲ್ಲಿ ಓಕ್ ಮರದ ಕುರುಚಲು ಕಾಡು. ಎಲ್ಲವನ್ನೂ ಯಾರೋ ಬಾಚಣಿಗೆಯಿಂದ ಬಾಚಿಟ್ಟ ಹಾಗೆ. ಮನೆಯ ದಾರಿಯ ಇಕ್ಕೆಲಗಳಲ್ಲಿ ದೀಪದ ಕಂಬಗಳಂತೆ ನೆಟ್ಟಗೆ ನಿಂತ ಸೈಪ್ರೆಸ್ ಮರಗಳು. ದ್ರಾಕ್ಷಿಯ ಕೊಯ್ಲು ನಡೆಯುತ್ತಿದ್ದ ಕಾಲ. ಸಾಲುಗಳ ನಡುವೆ ಜನರು ಬಗ್ಗಿ ಕಪ್ಪು ಗೊಂಚಲುಗಳನ್ನು ಕತ್ತರಿಸಿ ಬುಟ್ಟಿಗೆ ಹಾಕುತ್ತಿದ್ದರು. ಗಾಳಿಯಲ್ಲಿ ಹುಳಿಯೇರುತ್ತಿರುವ ರಸದ ವಾಸನೆ. ನಮ್ಮಲ್ಲಿ ಅಡಕೆಯ ಕೊನೆಗೌಡನು ಬಂದ ದಿನ ತೋಟದಲ್ಲಿ ಇರುವ ಗಡಿಬಿಡಿಯೇ ಅಲ್ಲಿಯೂ ಇದ್ದಿತು.

ಮಧ್ಯಾಹ್ನಕ್ಕೆ ಗ್ರೇವೆ ಎಂಬ ಪೇಟೆಯೂರನ್ನು ಸೇರಿದೆವು. ಕಣಿವೆಯಲ್ಲಿರುವ ಊರು, ಅದರ ಸಂತೆಮಾಳವು ಮುಮ್ಮೂಲೆಯಾಗಿದೆ, ಸುತ್ತಲೂ ಕಮಾನಿನ ಜಗಲಿಗಳು. ನಡುವೆ ಜೊವಾನ್ನಿ ದಾ ವೆರ್ರಾಜಾನೊ ಎಂಬ ನಾವಿಕನ ಪ್ರತಿಮೆ. 1524ರಲ್ಲಿ ಈಗಿನ ನ್ಯೂಯಾರ್ಕಿನ ಕೊಲ್ಲಿಯನ್ನು ಹೊಕ್ಕವನು ಇವನೇ. ಇವನ ಮನೆತನದ ಕೋಟೆ ಹತ್ತಿರದ ಗುಡ್ಡದ ಮೇಲಿದೆ. ಗ್ರೇವೆಯಿಂದ ಪಾಂಜಾನೊ ಎಂಬ ಹಳ್ಳಿಗೆ ಏಳು ಕಿಲೋಮೀಟರಿಗಿಂತ ಹೆಚ್ಚಿಲ್ಲ. ಆದರೆ ಅಷ್ಟರೊಳಗೆ ದಾರಿ ಸುಮಾರು 250 ಮೀಟರು ಎತ್ತರಕ್ಕೆ ಏರುತ್ತದೆ. ಒಂದು ತಿರುವನ್ನು ದಾಟಿದರೆ ಊರು ಬಂದಿತೆಂದು ತೋರುವುದು. ದಾಟಿದೊಡನೆ ಅದು ಇನ್ನೊಂದು ಗುಡ್ಡದ ಮೇಲಕ್ಕೆ ಹಾರಿ ಕುಳಿತಿರುವುದು. ನಾನು ಮೂರು ಕಡೆ ಇಳಿದು ನಿಂತೆ. ತಮ್ಮನು ಮುಂದೆ ಹೋಗಿ, ತಿರುವಿನಲ್ಲಿ ಕಾಯುತ್ತಿದ್ದು, ನಾನು ಬಂದೊಡನೆ ಮಾತನಾಡದೆ ಮತ್ತೆ ಹೊರಡುತ್ತಿದ್ದನು. ನನಗಾಗಿ ಕಾಯುತ್ತಿದ್ದನೋ, ನನ್ನ ನಿಧಾನವನ್ನು ಎಣಿಸುತ್ತಿದ್ದನೋ ಎಂದು ಬಗೆಹರಿಯದೆ ನನಗೆ ಕಸಿವಿಸಿಯಾಯಿತು.

ಪಾಂಜಾನೊದಲ್ಲಿ ಒಬ್ಬ ಮುದುಕಿಯ ಮನೆಯಲ್ಲಿ ಇಳಿದುಕೊಂಡೆವು. ನಾವು ಶಾಕಾಹಾರಿಗಳೆಂದು ತಮ್ಮನು ಹೇಳಿದಾಗ ಆಕೆಗೆ ಯಾವ ತೊಡಕೂ ಆಗಲಿಲ್ಲ. ಈ ನಾಡಿನ ಬಡವರ ಅಡುಗೆಯೇ ಅಂಥದು. ರಿಬೊಲ್ಲಿತಾ ಎಂಬ ಒಂದು ಸಾರು. ಬಿಳಿಯ ಅವರೆಯಂಥ ಕಾಳು, ಕಪ್ಪು ಹಸುರಿನ ಕೋಸು, ಹಳಸಲು ರೊಟ್ಟಿಯ ಚೂರು, ಇವನ್ನು ಬೇಯಿಸಿಟ್ಟು ಮಾರನೆಯ ದಿನ ಮತ್ತೆ ಕುದಿಸಿ ಬಡಿಸುವುದು. ಮತ್ತೆ ಕುದಿಸಿದ್ದು ಎಂಬುದೇ ಆ ಹೆಸರಿನ ಅರ್ಥ. ಮೇಲೆ ಹಸಿಯ ಆಲಿವ್ ಎಣ್ಣೆ. ನಮ್ಮಲ್ಲಿ ನಿನ್ನೆಯ ಹುಳಿಗೆ ಇರುವ ಗೌರವವೇ ಇದಕ್ಕೂ ಇದೆ. ಜೊತೆಗೆ ಕೊಟ್ಟ ರೊಟ್ಟಿಯಲ್ಲಿ ಉಪ್ಪು ಇರಲಿಲ್ಲ. ಆಕೆ ಮರೆತಳೆಂದು ಭಾವಿಸಿದೆ. ಮರೆತದ್ದಲ್ಲ, ಟಸ್ಕನಿಯ ರೊಟ್ಟಿಗೆ ಉಪ್ಪು ಹಾಕುವುದೇ ಇಲ್ಲ. ಬಡಿಸುತ್ತ ಮುದುಕಿ ನಮ್ಮಿಬ್ಬರ ಮುಖವನ್ನು ನೋಡಿ ಏನೋ ಕೇಳಿದಳು. “ಅಣ್ಣತಮ್ಮಂದಿರೋ ಎಂದು ಕೇಳುತ್ತಾಳೆ” ಎಂದು ತಮ್ಮನು ಹೇಳಿದನು. “ಹೌದೆಂದು ಹೇಳು” ಎಂದೆ. ಆ ರಾತ್ರಿ ನಾವಾಡಿದ ಮಾತು ಅದಕ್ಕಿಂತ ಹೆಚ್ಚಿಲ್ಲ.

ಎರಡನೆಯ ದಿನ ರಾದ್ದಾ ಎಂಬ ಊರಿಗೆ ಹೋದೆವು. ಇದೂ ನೆತ್ತಿಯ ಮೇಲಿನ ಊರು. ಗುಡ್ಡ ಹತ್ತಿ ಸುಸ್ತಾದವನಿಗೆ ಸಹಜವಾಗಿ ಏಳುವ ಪ್ರಶ್ನೆ, ಕೆಳಗೆ ನೀರೂ ನೆಲವೂ ಇರುವಾಗ ಈ ಜನ ಇಷ್ಟು ಎತ್ತರದಲ್ಲಿ ಏಕೆ ಮನೆ ಕಟ್ಟಿಕೊಂಡರು ಎಂಬುದು. ಇದಕ್ಕೆ ಉತ್ತರವು ರಾದ್ದಾದ ಕಲ್ಲಿನಲ್ಲಿಯೇ ಇದೆ. ಮಧ್ಯಯುಗದಲ್ಲಿ ಈ ಗುಡ್ಡನಾಡು ಫ್ಲಾರೆನ್ಸಿಗೂ ಸಿಯೆನಾಕ್ಕೂ ನಡುವಿನ ಗಡಿ. ಫ್ಲಾರೆನ್ಸಿನವರು ತಮ್ಮ ಕಡೆಯ ಹಳ್ಳಿಗಳನ್ನು ಒಂದು ಕೂಟವಾಗಿ ಕಟ್ಟಿದರು. ಅದಕ್ಕೆ ಕಿಯಾಂತಿಯ ಕೂಟವೆಂದು ಹೆಸರು. ರಾದ್ದಾ ಅದರ ಮುಖ್ಯ ಠಾಣ್ಯವಾಗಿತ್ತು. ಅಲ್ಲಿಯ ಅಧಿಕಾರಿಯ ಅರಮನೆಯ ಗೋಡೆಯ ಮೇಲೆ, ಬಂದುಹೋದ ಅಧಿಕಾರಿಗಳ ಲಾಂಛನಗಳನ್ನು ಇಂದಿಗೂ ಕಾಣಬಹುದು. ಎದುರುಗುಡ್ಡದಲ್ಲಿ ಹೊಗೆಯೆದ್ದರೆ ಕಾಣಬೇಕು, ದಂಡು ಬಂದರೆ ಹೆಬ್ಬಾಗಿಲು ಹಾಕಿಕೊಳ್ಳಬೇಕು. ಇದಕ್ಕಾಗಿ ಜನರು ನೆತ್ತಿಯನ್ನು ಹಿಡಿದರು. ಮನೆಗೆ ಮನೆ ಅಂಟಿಸಿ, ಹೊರಗೋಡೆಯನ್ನೇ ಕೋಟೆಯಾಗಿ ಮಾಡಿಕೊಂಡರು. ಇಂದು ನಾವು ಚಿತ್ರದಂತಿದೆ ಎಂದು ಮೆಚ್ಚಿಕೊಳ್ಳುವ ಆ ಇಕ್ಕಟ್ಟಿನ ಓಣಿಗಳೂ, ಕಿರುಗಿಂಡಿಗಳೂ, ಗೋಪುರಗಳೂ ಮೊದಲು ಹುಟ್ಟಿದ್ದು ಭಯದಿಂದ. ಗಡಿ ಹೋಗಿ ನಾಲ್ಕುನೂರು ವರ್ಷಗಳ ಮೇಲಾಯಿತು. ಏರು ಮಾತ್ರ ಹಾಗೆಯೇ ಉಳಿದಿದೆ. ಆ ಭಯದ ಕಂದಾಯವನ್ನು ಈಗ ಬೈಸಿಕಲ್ಲಿನವರು ತಮ್ಮ ಕಾಲಿನಿಂದ ತೆರುತ್ತಿದ್ದಾರೆ.

ರಾದ್ದಾದಿಂದ ಹತ್ತು ಕಿಲೋಮೀಟರು ಇಳಿದರೆ ಗಾಯೋಲೆ. ಈ ಸಣ್ಣ ಊರಿನ ಹೆಸರು ಇಂದು ಜಗತ್ತಿನ ಬೈಸಿಕಲ್ಲು ಪ್ರಿಯರಿಗೆಲ್ಲ ಗೊತ್ತಿರುವುದಕ್ಕೆ ಕಾರಣ ಇಲ್ಲಿಯ ಬಿಳಿಯ ದಾರಿಗಳು. ಸುಣ್ಣಕಲ್ಲಿನ ಜಲ್ಲಿಯನ್ನು ಹಾಸಿದ, ಡಾಂಬರು ಕಾಣದ ಗಾಡಿದಾರಿಗಳು ಇವು. ಹಿಂದೆ ಇಲ್ಲಿಯ ಜಮೀನುಗಳು ಒಡೆಯರವು. ರೈತರು ಫಸಲಿನ ಅರ್ಧವನ್ನು ಒಡೆಯನಿಗೆ ಕೊಟ್ಟು ಸಾಗುವಳಿ ಮಾಡುತ್ತಿದ್ದರು. ಎರಡನೆಯ ಮಹಾಯುದ್ಧವಾದ ಮೇಲೆ ಈ ಪದ್ಧತಿ ಸಡಿಲಿತು. 1964ರಲ್ಲಿ ಹೊಸದಾಗಿ ಅಂಥ ಕರಾರು ಮಾಡಿಕೊಳ್ಳಕೂಡದೆಂದು ಕಾನೂನಾಯಿತು. ರೈತಮಕ್ಕಳು ಪಟ್ಟಣದ ಕಾರ್ಖಾನೆಗಳಿಗೆ ಹೋದರು. ಮನೆಗಳು ಬಾಗಿಲು ಹಾಕಿದವು. ಉಳಿದ ದಾರಿಗಳಿಗೆ ಒಂದೊಂದಾಗಿ ಡಾಂಬರು ಬಿತ್ತು. ಆಗ ಬೈಸಿಕಲ್ಲಿನ ಅಭಿಮಾನಿಗಳು ಕೆಲವರು, ಈ ದಾರಿಗಳನ್ನು ಉಳಿಸಬೇಕಾದರೆ ಅವುಗಳ ಮೇಲೆ ಓಡಾಡುವ ಜನರು ಬೇಕೆಂದು ಯೋಚಿಸಿ, 1997ರಲ್ಲಿ ಲೆರೋಯಿಕಾ ಎಂಬ ಸವಾರಿಯನ್ನು ಏರ್ಪಡಿಸಿದರು. ಮೊದಲ ವರ್ಷ ಬಂದವರು 92 ಜನ. ಈಗ ಸಾವಿರಗಟ್ಟಲೆ ಜನ ಸೇರುತ್ತಾರೆ. 1987ಕ್ಕಿಂತ ಹಿಂದಿನ ಮಾದರಿಯ ಗಾಡಿಯೇ ಆಗಬೇಕು. ಉಡುಪೂ ಹಳೆಯ ಕಾಲದ ಉಣ್ಣೆಯದು. ಅಕ್ಟೋಬರು ತಿಂಗಳ ಮೊದಲ ವಾರದಲ್ಲಿ ನಡೆಯುವ ಈ ಸವಾರಿಗೆ ಊರು ಅಣಿಯಾಗುತ್ತಿದ್ದುದನ್ನು ಕಂಡೆವು. ನನ್ನ ಮನೆಯ ಕೊಟ್ಟಿಗೆಯಲ್ಲಿರುವ ಗಾಡಿಗೆ ಅಲ್ಲಿ ಎಂಥ ಮರ್ಯಾದೆ ಸಿಕ್ಕಬಹುದಾಗಿತ್ತೆಂದು ಹೇಳಿದಾಗ ತಮ್ಮನು ಪ್ರವಾಸದಲ್ಲಿ ಮೊದಲ ಸಲ ನಕ್ಕನು.

ಅಲ್ಲಿಯ ಕಾಫಿಯ ಅಂಗಡಿಯಲ್ಲಿ ಗೋಡೆಯ ಮೇಲೆ ಒಂದು ಛಾಯಾಚಿತ್ರವಿತ್ತು. 1952ರ ಫ್ರಾನ್ಸಿನ ಪಂದ್ಯದಲ್ಲಿ ತೆಗೆದದ್ದು. ಆಲ್ಪ್ಸ್ ಪರ್ವತದ ಏರಿನಲ್ಲಿ ಇಬ್ಬರು ಸವಾರರು. ಒಬ್ಬ ಬಾರ್ತಾಲಿ, ಇನ್ನೊಬ್ಬ ಫೌಸ್ತೊ ಕೊಪ್ಪಿ. ಇಟಲಿಯ ಜನರು ಬಾರ್ತಾಲಿಯ ಪಕ್ಷ, ಕೊಪ್ಪಿಯ ಪಕ್ಷವೆಂದು ಎರಡಾಗಿ ಒಡೆದು ಜಗಳವಾಡುತ್ತಿದ್ದ ಕಾಲವದು. ಚಿತ್ರದಲ್ಲಿ ನೀರಿನ ಸೀಸೆಯೊಂದು ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹೋಗುತ್ತಿದೆ. ಯಾರು ಕೊಟ್ಟರು, ಯಾರು ತೆಗೆದುಕೊಂಡರು ಎಂದು ಇಂದಿಗೂ ವಾದ ನಡೆಯುತ್ತದೆಯಂತೆ. ನಾನು ಕಾಫಿ ಮುಗಿಯುವವರೆಗೂ ಅದನ್ನೇ ನೋಡುತ್ತಿದ್ದೆ.

ಮಧ್ಯಾಹ್ನ ಬ್ರೋಲಿಯೊ ಕೋಟೆಗೆ ಹೊರಟೆವು. ರಿಕಾಸೊಲಿ ಎಂಬ ಮನೆತನದವರು 1141ರಿಂದಲೂ ಇಲ್ಲಿ ನೆಲೆಸಿದ್ದಾರೆ. ಒಂದುಗೂಡಿದ ಇಟಲಿಯ ಎರಡನೆಯ ಪ್ರಧಾನಮಂತ್ರಿಯಾಗಿದ್ದ ಬೆತ್ತೀನೊ ರಿಕಾಸೊಲಿ ಈ ಮನೆತನದವನು. ಕಿಯಾಂತಿಯ ದ್ರಾಕ್ಷಾರಸವನ್ನು ಯಾವ ಯಾವ ದ್ರಾಕ್ಷಿಗಳಿಂದ ತಯಾರಿಸಬೇಕೆಂದು ಪ್ರಯೋಗಗಳಿಂದ ಕಂಡುಕೊಂಡು 1872ರಲ್ಲಿ ಬರೆದಿಟ್ಟವನೂ ಅವನೇ. ಕೋಟೆಯ ಬುಡದಿಂದ ಸೈಪ್ರೆಸ್ ಮರಗಳ ನಡುವೆ ಬಿಳಿಯ ದಾರಿ ಮೇಲೇರುತ್ತದೆ. ಏರುವಾಗ ಹಿಂದಿನ ಚಕ್ರವು ಜಲ್ಲಿಯಲ್ಲಿ ಜಾರುತ್ತಿತ್ತು. ನಾಚಿಕೆಯನ್ನು ಬಿಟ್ಟು ಇಳಿದು ನೂಕಿದೆ. ಮೇಲೆ ನಿಂತು ನೋಡಿದಾಗ ದಕ್ಷಿಣದ ಮಸುಕಿನಲ್ಲಿ ಸಿಯೆನಾದ ಗೋಪುರಗಳು ಕಂಡವು. ಆ ಕಡೆಯ ಬಯಲಿನಲ್ಲಿಯೇ, ಮೊಂತಾಪೆರ್ತಿ ಎಂಬಲ್ಲಿ, 1260ರ ಸೆಪ್ಟೆಂಬರು 4ರಂದು ಸಿಯೆನಾದವರು ಫ್ಲಾರೆನ್ಸಿನ ಸೈನ್ಯವನ್ನು ಧೂಳೀಪಟ ಮಾಡಿದರು. ಮುಂದೆ 1555ರಲ್ಲಿ, ತಿಂಗಳುಗಟ್ಟಲೆ ಮುತ್ತಿಗೆಯಲ್ಲಿ ಹಸಿದು, ಸಿಯೆನಾ ಶರಣಾಗತವಾಯಿತು. ಎರಡು ಊರುಗಳ ನಡುವೆ ಈಗ ಬಸ್ಸಿನಲ್ಲಿ ಒಂದೂಕಾಲು ಗಂಟೆಯ ದಾರಿ. ಅಷ್ಟು ಹತ್ತಿರದವರ ವೈರವು ಮುನ್ನೂರು ವರ್ಷಗಳ ಮೇಲೆ ನಡೆಯಿತು.

ಇಳಿಯುವಾಗ ನನಗೆ ಬುದ್ಧಿ ಬಂದಿತು. “ಅಣ್ಣಯ್ಯ, ಜಲ್ಲಿಯ ಮೇಲೆ ಮುಂದಿನ ಬ್ರೇಕನ್ನು ಒತ್ತಬೇಡ, ಹಿಂದಿನದನ್ನು ಮೆಲ್ಲಗೆ ಹಿಡಿ” ಎಂದು ತಮ್ಮನು ಎಚ್ಚರಿಸಿದ್ದನು. ಮೂವತ್ತು ವರ್ಷ ಘಟ್ಟದ ದಾರಿಯಲ್ಲಿ ಇಳಿದವನಿಗೆ ಇವನೇನು ಹೇಳುವುದೆಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡನೆಯ ತಿರುವಿನಲ್ಲಿ ಕೈ ತಾನಾಗಿ ಮುಂದಿನ ಬ್ರೇಕಿಗೆ ಹೋಯಿತು, ಚಕ್ರ ಅಡ್ಡವಾಯಿತು, ನಾನು ಬಿಳಿಯ ಧೂಳಿನಲ್ಲಿ ಮಲಗಿದ್ದೆ. ಮೊಣಕಾಲೂ ಅಂಗೈಯೂ ತರಚಿ ರಕ್ತ ಬಂದಿತು. ಅದಕ್ಕಿಂತ ಹೆಚ್ಚಿನದೇನೂ ಇಲ್ಲ. ತಮ್ಮನು ಗಾಡಿಯನ್ನು ಬಿಸುಟು ಓಡಿಬಂದನು. ತನ್ನ ಸೀಸೆಯ ನೀರಿನಿಂದ ಗಾಯ ತೊಳೆದು, ಕಲ್ಲಿನ ಚೂರುಗಳನ್ನು ತೆಗೆದು, ಕರವಸ್ತ್ರವನ್ನು ಕಟ್ಟಿದನು. “ಹೇಳಿದ್ದೆನಲ್ಲ” ಎನ್ನಲಿಲ್ಲ. ನಾನು ಬೈಸಿಕಲ್ಲು ಕಲಿಸುತ್ತಿದ್ದಾಗ ಅವನು ಕೆರೆಯ ಏರಿಯ ಮೇಲೆ ಬಿದ್ದದ್ದು ಒಂದೆರಡು ಸಲವಲ್ಲ. ಪ್ರತಿ ಸಲವೂ ನಾನು ಹೇಳಿದ್ದೆನಲ್ಲ ಎಂದಿದ್ದೆ. ಸೀಸೆಯಲ್ಲಿ ಉಳಿದ ನೀರನ್ನು ಅವನು ನನಗೆ ಕೊಟ್ಟನು. ಅರ್ಧ ಕುಡಿದು ಹಿಂದಕ್ಕೆ ಕೊಟ್ಟೆ. “ಇದಕ್ಕೂ ಒಂದು ಚಿತ್ರ ತೆಗೆಯಬೇಕಾಗಿತ್ತು” ಎಂದನು. ಇಬ್ಬರೂ ದಾರಿಯ ಬದಿಯಲ್ಲಿ ಕುಳಿತು ನಕ್ಕೆವು.

ಮೂರನೆಯ ದಿನ ಗಾಯೋಲೆಯಿಂದ ಹೊರಟು, ರಾದ್ದಾದ ಗುಡ್ಡವನ್ನು ಮತ್ತೆ ಹತ್ತಿ, ಕಾಸ್ತೆಲ್ಲಿನಾಕ್ಕೆ ಬಂದೆವು. ಇದು ಫ್ಲಾರೆನ್ಸಿನವರ ಕೊನೆಯ ಠಾಣ್ಯಗಳಲ್ಲಿ ಒಂದು. 1478ರಲ್ಲಿ ನೇಪಲ್ಸಿನ ಅರಸನ ಸೈನ್ಯವು ಸಿಯೆನಾದವರೊಡನೆ ಸೇರಿ ಇದನ್ನು ಮುತ್ತಿ ಹಿಡಿಯಿತು. ಊರಿನ ಪೂರ್ವದ ಅಂಚಿನಲ್ಲಿ ಕೋಟೆಯ ಗೋಡೆಗೆ ಅಂಟಿಕೊಂಡು ಕಮಾನುಗಳ ಕೆಳಗೆ ಸುರಂಗದಂತೆ ಹೋಗುವ ಒಂದು ಓಣಿಯಿದೆ. ಹಿಂದೆ ಕಾವಲಿನ ಭಟರು ತಿರುಗುತ್ತಿದ್ದ ಹಾದಿ. ಅಲ್ಲಲ್ಲಿ ಗಿಂಡಿಗಳಿವೆ, ಕಣ್ಣಿಟ್ಟು ನೋಡಿದರೆ ಕೆಳಗೆ ಕಣಿವೆಯೆಲ್ಲ ಕಾಣುತ್ತದೆ. ಬಾಣ ಹೂಡಿ ನಿಂತವನು ನೋಡುತ್ತಿದ್ದ ಆ ಗಿಂಡಿಯಲ್ಲಿ ನಾವು ನೋಡಿದಾಗ ಕಂಡದ್ದು, ದ್ರಾಕ್ಷಿಯ ಸಾಲಿನಲ್ಲಿ ಒಗೆದ ಬಟ್ಟೆಯನ್ನು ಹರವುತ್ತಿದ್ದ ಒಬ್ಬ ಹೆಂಗಸು. ಆ ಓಣಿಯಲ್ಲಿಯೇ ಈಗ ಅಂಗಡಿಗಳೂ ಊಟದ ಮನೆಗಳೂ ಇವೆ.

ಕಾಸ್ತೆಲ್ಲಿನಾದಿಂದ ದಕ್ಷಿಣಕ್ಕೆ ಇಳಿಯುತ್ತ ಐದು ಕಿಲೋಮೀಟರು ಹೋದರೆ ಫೋಂತೆರೂತೊಲಿ ಎಂಬ ಸಣ್ಣ ಹಳ್ಳಿ. ಹತ್ತಾರು ಕಲ್ಲಿನ ಮನೆಗಳು, ಒಂದು ಗುಡಿ, ಅಷ್ಟೆ. ಆದರೆ ಈ ಹಳ್ಳಿಗೆ ಒಂದು ಕಥೆಯಿದೆ. ಗಡಿಯ ಜಗಳದಿಂದ ಬೇಸತ್ತ ಎರಡು ಪಟ್ಟಣದವರೂ ಒಂದು ಒಪ್ಪಂದಕ್ಕೆ ಬಂದರಂತೆ: ಗೊತ್ತಾದ ದಿನ ಕೋಳಿ ಕೂಗಿದೊಡನೆ ಎರಡು ಊರುಗಳಿಂದಲೂ ಒಬ್ಬೊಬ್ಬ ಕುದುರೆ ಸವಾರನು ಹೊರಡತಕ್ಕದ್ದು, ಇಬ್ಬರೂ ಸಂಧಿಸಿದ ಸ್ಥಳವೇ ಗಡಿ. ಸಿಯೆನಾದವರು ಬಿಳಿಯ ಹುಂಜವನ್ನು ಆರಿಸಿ ಚೆನ್ನಾಗಿ ಮೇಯಿಸಿದರು. ಫ್ಲಾರೆನ್ಸಿನವರು ಕಪ್ಪು ಹುಂಜವನ್ನು ಕತ್ತಲೆಯ ಗೂಡಿನಲ್ಲಿ ಕೂಡಿ ಹಸಿವಿನಿಂದ ಕೊಂದರು ಎನ್ನುವಷ್ಟು ಬಳಲಿಸಿದರು. ಆ ದಿನ ಹಸಿದ ಹುಂಜವು ಬೆಳಗಾಗುವುದಕ್ಕೆ ಎಷ್ಟೋ ಮೊದಲೇ ಕೂಗಿತು. ಹೊಟ್ಟೆ ತುಂಬಿದ್ದು ಹಾಯಾಗಿ ನಿದ್ದೆ ಮಾಡಿತು. ಸಿಯೆನಾದ ಸವಾರನು ತನ್ನ ಊರನ್ನು ಬಿಟ್ಟು ಅಷ್ಟು ದೂರ ಬರುವುದರೊಳಗೆ ಎದುರಾಳಿ ಫೋಂತೆರೂತೊಲಿಯವರೆಗೂ ಬಂದುಬಿಟ್ಟಿದ್ದನು. ಕಿಯಾಂತಿಯ ಬಹುಭಾಗ ಫ್ಲಾರೆನ್ಸಿಗೆ ಸೇರಿತು. ಇದು ಕಥೆ, ಆದರೆ ಕಪ್ಪು ಹುಂಜವು ಕಿಯಾಂತಿಯ ಕೂಟದ ಲಾಂಛನವಾದದ್ದು ನಿಜ. ಇಂದಿಗೂ ಆ ನಾಡಿನ ದ್ರಾಕ್ಷಾರಸದ ಸೀಸೆಯ ಕೊರಳಿನಲ್ಲಿ ಅದೇ ಹುಂಜದ ಮುದ್ರೆಯಿರುತ್ತದೆ. ಮುಂದೆ 1716ರಲ್ಲಿ ಟಸ್ಕನಿಯ ದೊರೆ ಮೂರನೆಯ ಕೋಸಿಮೊ ಹೊರಡಿಸಿದ ಫರ್ಮಾನಿನಲ್ಲಿ ಕಿಯಾಂತಿಗೆ ಚಕ್ಕುಬಂದಿಯನ್ನು ಹಾಕಿದ್ದೂ ನಿಜ. ಆದರೆ ಅದು ದ್ರಾಕ್ಷಾರಸದ ಹೆಸರು ಕೆಡದಂತೆ ಹಾಕಿದ ಗಡಿ. ಯಾರ ತಲೆಯನ್ನೂ ತೆಗೆಯುವುದಕ್ಕಲ್ಲ.

ತಮ್ಮನು ಈ ಕಥೆಯನ್ನು ಹೇಳಿ ಮುಗಿಸಿದ ಮೇಲೆ ನಾವು ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಎದುರಿಗೆ ದ್ರಾಕ್ಷಿಯ ತೋಟಗಳು ಒಂದೇ ಸಮನಾಗಿ ಸಿಯೆನಾದ ಕಡೆಗೆ ಇಳಿದಿದ್ದವು. ಹಳೆಯ ಗಡಿ ಎಲ್ಲಿ ಹಾದುಹೋಗಿತ್ತೆಂದು ಯಾರು ತಾನೆ ತೋರಿಸಬಲ್ಲರು? ತಮ್ಮನು ನೆಲವನ್ನು ನೋಡುತ್ತ, “ನಾನೂ ಹುಂಜವನ್ನು ಉಪವಾಸ ಕೆಡವಿದೆ, ಅಣ್ಣಯ್ಯ. ನಿನಗೆ ತಿಳಿಸದೆ ಸರ್ವೆಗೆ ಅರ್ಜಿ ಹಾಕಿದ್ದು ತಪ್ಪು” ಎಂದನು. ನನಗೂ ಒಂದು ಮಾತು ಹೇಳುವುದಿತ್ತು. ಅವನು ಊರಿನಲ್ಲಿ ಇಲ್ಲದಾಗ ಅಗಳನ್ನು ಎರಡು ಮೊಳ ಆಚೆಗೆ ತೋಡಿಸಿದವನು ನಾನು. ಅದನ್ನು ಹೇಳಿದೆ. ಐದು ವರ್ಷ ಹೊಟ್ಟೆಯಲ್ಲಿದ್ದ ಮಾತು ಹೊರಗೆ ಬರುವುದಕ್ಕೆ ಅಷ್ಟು ದೂರ ಹೋಗಬೇಕಾಯಿತು.

ಮುಂದಿನ ದಾರಿ ಬಹುಪಾಲು ಇಳಿಜಾರು. ಸಂಜೆಯ ಹೊತ್ತಿಗೆ ಸಿಯೆನಾದ ಉತ್ತರದ ಹೆಬ್ಬಾಗಿಲಾದ ಪೋರ್ತಾ ಕಾಮೊಲ್ಲಿಯಾವನ್ನು ಮುಟ್ಟಿದೆವು. ಫ್ಲಾರೆನ್ಸಿನ ದಂಡುಗಳು ಬರುತ್ತಿದ್ದ ದಿಕ್ಕಿನ ಬಾಗಿಲು ಇದು. ಇದರ ಮೇಲೆ ಲ್ಯಾಟಿನ್ ಭಾಷೆಯ ಒಂದು ಬರಹವಿದೆ. ಸಿಯೆನಾ ತನ್ನ ಹೃದಯವನ್ನು ಈ ಬಾಗಿಲಿಗಿಂತಲೂ ವಿಶಾಲವಾಗಿ ನಿನಗೆ ತೆರೆಯುತ್ತದೆ ಎಂದು ಅದರ ಭಾವ. 1604ರಲ್ಲಿ ಫ್ಲಾರೆನ್ಸಿನ ದೊರೆಯನ್ನು ಸ್ವಾಗತಿಸುವುದಕ್ಕಾಗಿ ಅದನ್ನು ಕೆತ್ತಿದರು. ಸೋತವರು ಗೆದ್ದವನಿಗೆ ಹೇಳಿದ ಉಪಚಾರದ ಮಾತು ಅದಿರಬಹುದು. ಈಗಂತೂ ಬಂದ ಎಲ್ಲರಿಗೂ ಸಲ್ಲುವ ಮಾತಾಗಿದೆ. ಒಳಗೆ ಕಲ್ಲುಹಾಸಿನ ಬೀದಿಗಳಲ್ಲಿ ಗಾಡಿಗಳನ್ನು ನೂಕಿಕೊಂಡು ಕಾಂಪೊ ಎಂಬ ನಗರದ ಚೌಕಕ್ಕೆ ಹೋದೆವು. ಚೌಕವೆಂದರೂ ಅದು ಚಿಪ್ಪಿನ ಆಕಾರದಲ್ಲಿದೆ; 1287ರಿಂದ 1355ರವರೆಗೆ ಊರನ್ನಾಳಿದ ಒಂಬತ್ತು ಜನರ ಸಭೆಯ ನೆನಪಿಗೆ ಇಟ್ಟಿಗೆಯ ನೆಲವನ್ನು ಒಂಬತ್ತು ಎಸಳುಗಳಾಗಿ ವಿಂಗಡಿಸಿದ್ದಾರೆ. ಬಿಳಿಯ ದಾರಿಗಳ ಮೇಲೆ 2007ರಿಂದ ನಡೆಯುತ್ತಿರುವ ದೊಡ್ಡ ಪಂದ್ಯವು ಇಲ್ಲಿಯೇ ಮುಗಿಯುತ್ತದೆ. ನಮ್ಮದೂ ಇಲ್ಲಿಯೇ ಮುಗಿಯಿತು.

ಮಾರನೆಯ ಬೆಳಿಗ್ಗೆ ಆ ಚೌಕದ ಪುರಭವನದಲ್ಲಿ ಅಂಬ್ರೋಜೊ ಲೊರೆಂಜೆತ್ತಿ ಎಂಬ ಚಿತ್ರಕಾರನು 1338-39ರಲ್ಲಿ ಬರೆದ ಭಿತ್ತಿಚಿತ್ರಗಳನ್ನು ನೋಡಿದೆವು. ಆ ಒಂಬತ್ತು ಜನರು ಕುಳಿತು ಆಲೋಚಿಸುತ್ತಿದ್ದ ಕೋಣೆಯ ಗೋಡೆಗಳ ಮೇಲೆ ಒಳ್ಳೆಯ ಆಡಳಿತದ ಫಲವನ್ನೂ ಕೆಟ್ಟ ಆಡಳಿತದ ಫಲವನ್ನೂ ಎದುರುಬದುರಾಗಿ ಚಿತ್ರಿಸಿದ್ದಾನೆ. ಒಂದು ಗೋಡೆಯಲ್ಲಿ ನಗರದ ಬಾಗಿಲು ತೆರೆದಿದೆ. ಅಲ್ಲಿಂದ ಹೊರಟ ದಾರಿ ಗುಡ್ಡಗಳ ನಡುವೆ ಇಳಿಯುತ್ತದೆ. ಹೇರು ಹೊತ್ತ ಕತ್ತೆಗಳು ಬರುತ್ತಿವೆ, ಹಂದಿ ಹೊಡೆದುಕೊಂಡು ರೈತನೊಬ್ಬ ಬರುತ್ತಿದ್ದಾನೆ, ಹೊಲದಲ್ಲಿ ಕೊಯ್ಲು ನಡೆಯುತ್ತಿದೆ. ನಾವು ಮೂರು ದಿನ ತುಳಿದ ಗುಡ್ಡಗಳೇ ಅವು, ಗುರುತು ಹತ್ತುವಂತಿವೆ. ಮೇಲೆ ಅಭಯವೆಂಬ ದೇವತೆ ರೆಕ್ಕೆ ಬಿಚ್ಚಿ ನಿಂತಿದ್ದಾಳೆ. ಎದುರು ಗೋಡೆಯಲ್ಲಿ ಹೊಲಗಳು ಪಾಳುಬಿದ್ದಿವೆ, ಹಳ್ಳಿಗಳು ಸುಟ್ಟಿವೆ, ದಾರಿಯಲ್ಲಿ ಆಯುಧ ಹಿಡಿದವರ ಹೊರತು ಯಾರೂ ಇಲ್ಲ. ಅಲ್ಲಿ ಮೇಲೆ ಹಾರುತ್ತಿರುವುದು ಭಯ. ನೆಲ ಎರಡು ಗೋಡೆಗಳಲ್ಲಿಯೂ ಒಂದೇ. ಅದನ್ನು ಬರೆದು ಹತ್ತು ವರ್ಷವಾಗುವುದರೊಳಗೆ, 1348ರಲ್ಲಿ, ಮಹಾಮಾರಿಯ ಪ್ಲೇಗು ಬಂದು ಊರಿನ ಅರ್ಧದಷ್ಟು ಜನರನ್ನು ಕೊಂಡೊಯ್ದಿತು. ಚಿತ್ರಕಾರನೂ ಅದರಲ್ಲಿಯೇ ತೀರಿಕೊಂಡನೆಂದು ತಿಳಿಯಲಾಗಿದೆ. ಚಿತ್ರ ಉಳಿದಿದೆ. ತಮ್ಮನೂ ನಾನೂ ತೆರೆದ ಬಾಗಿಲಿನ ಗೋಡೆಯ ಮುಂದೆ ಬಹಳ ಹೊತ್ತು ನಿಂತಿದ್ದೆವು.

ಕಿಯಾಂತಿಗೆ ಹೋಗಬೇಕೆನ್ನುವ ಓದುಗರಿಗೆ ಒಂದೆರಡು ವ್ಯವಹಾರದ ಮಾತುಗಳು. ಬೇಸಗೆಯ ಬಿಸಿಲು ಅಲ್ಲಿ ಕಡುವಾದುದು. ಏಪ್ರಿಲು, ಮೇ, ಸೆಪ್ಟೆಂಬರು ತಿಂಗಳುಗಳು ಸವಾರಿಗೆ ಒಳ್ಳೆಯವು. ಮಳೆ ಬಂದರೆ ಬಿಳಿಯ ದಾರಿ ಕೆಸರಾಗುತ್ತದೆ. ಅಗಲವಾದ ಟಯರು ಬೇಕು. ದಿನಕ್ಕೆ ನಲವತ್ತು ಕಿಲೋಮೀಟರಿಗಿಂತ ಹೆಚ್ಚಿನ ಆಸೆ ನಮ್ಮ ವಯಸ್ಸಿನವರಿಗೆ ಬೇಡ. ಏರಿನಲ್ಲಿ ಇಳಿದು ನೂಕುವುದಕ್ಕೆ ನಾಚಬಾರದು. ಜಲ್ಲಿಯ ಇಳಿಜಾರಿನಲ್ಲಿ ಮುಂದಿನ ಬ್ರೇಕನ್ನು ಒತ್ತಬಾರದು. ಕಿರಿಯರು ಹೇಳಿದರೂ ಕೇಳಬೇಕು.

ಹಲಸಿನ ಮರ ಕೊನೆಗೆ ಯಾರ ಕಡೆಗೆ ಸೇರಿತೆಂದು ಕೆಲವರು ಕೇಳಬಹುದು. ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಂಡದ್ದಾಯಿತು. ಅಗಳಿಗೆ ಅಡ್ಡಲಾಗಿ ಎರಡು ಅಡಕೆಯ ದಬ್ಬೆಗಳ ಸಂಕವನ್ನು ಹಾಕಿಸಿದ್ದೇನೆ. ಈ ವರ್ಷ ತಮ್ಮನ ಹೆಂಡತಿ ಮಕ್ಕಳು ರಜಕ್ಕೆ ಬಂದಿದ್ದಾಗ ಮರ ತುಂಬ ಕಾಯಿ ಬಿಟ್ಟಿತ್ತು. ಎರಡು ಮನೆಯವರೂ ತಿಂದು, ನೆರೆಯವರಿಗೆ ಹಂಚಿ, ಹಪ್ಪಳ ಮಾಡಿದ ಮೇಲೂ ನಾಲ್ಕು ಹಣ್ಣು ಮರದಲ್ಲಿಯೇ ಉಳಿದಿದ್ದವು.